ಎಸ್ಸೆಸ್ಸೆಲ್ಸಿ ತನಕ

ಕನ್ನಡದಲ್ಲಿ 'ತನಕ' ಎಂಬ ಪದವನ್ನು ಯಾರು ಹುಟ್ಟಿಸಿದರೋ, ಅವರ ಹೊಟ್ಟೆ ತಣ್ಣಗಿರಲಿ. ಇಪ್ಪತ್ತೇಳು ವರ್ಷ ಅದು ನನ್ನ ಮಾನ ಕಾಪಾಡಿದೆ. ಬ್ಯಾಂಕಿನಲ್ಲಾಗಲಿ, ಬೀಗರ ಮನೆಯಲ್ಲಾಗಲಿ, ಯಾರಾದರೂ 'ಎಷ್ಟು ಓದಿದ್ದೀರಿ' ಎಂದು ಕೇಳಿದರೆ 'ಎಸ್ಸೆಸ್ಸೆಲ್ಸಿ ತನಕ' ಎನ್ನುತ್ತಿದ್ದೆ. ಇದು ಸುಳ್ಳಲ್ಲ. ಎಸ್ಸೆಸ್ಸೆಲ್ಸಿಯ ಬಾಗಿಲ ತನಕ ಹೋಗಿದ್ದು ನಿಜ. ಒಳಗೆ ಬಿಡಲಿಲ್ಲ ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ. ಕೇಳಿದವರು ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋಗುತ್ತಿದ್ದರು, ನಾನು ಉಸಿರು ಬಿಡುತ್ತಿದ್ದೆ.

ನನ್ನಪ್ಪ ಮುನಿರಾಬಾದಿನಲ್ಲಿ ನೀರಾವರಿ ಇಲಾಖೆಯ ನೌಕರ. ಡ್ಯಾಮಿನ ಕಾಲೊನಿಯ ಕನ್ನಡ ಶಾಲೆಯಲ್ಲೇ ನಾನು ಓದಿದ್ದು. ಕನ್ನಡದಲ್ಲಿ ಇಡೀ ಕ್ಲಾಸಿಗೆ ನನ್ನದೇ ಹೆಚ್ಚು ಅಂಕ. ಆ ಸೊಕ್ಕಿನಲ್ಲೇ ಇರುವಾಗ ಗಣಿತದಲ್ಲಿ ಹತ್ತೊಂಬತ್ತು ಬಂತು. ಅಪ್ಪ ಬೈಯಲಿಲ್ಲ. ಬಿದ್ದ ಮೇಲೆ ಏಳಬೇಕು, ಮತ್ತೆ ಕಟ್ಟು ಎಂದು ಫಾರ್ಮ್ ತುಂಬಿಸಿದರು. ಆದರೆ ಮರುಪರೀಕ್ಷೆಯ ದಿನವೂ ನನ್ನ ನಿಕಾಹದ ದಿನವೂ ಒಂದೇ ಆಗಿಬಿಟ್ಟವು. ಗಣಿತ ಬೇಕೋ ಗಂಡ ಬೇಕೋ ಎಂದು ಯಾರೂ ನನ್ನನ್ನು ಕೇಳಲಿಲ್ಲ. ಕೇಳಿದ್ದರೂ ಅವತ್ತಿನ ಹೆದರಿಕೆಯಲ್ಲಿ ನಾನು ಗಂಡನನ್ನೇ ಆರಿಸಿಕೊಳ್ಳುತ್ತಿದ್ದೆ. ಗಂಡ ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಫಿಟ್ಟರ್. ಮಾತು ಕಡಿಮೆ, ಸ್ವಭಾವ ಮೆತ್ತಗೆ. ನಾನು ಹೊಲಿಗೆ ಕಲಿತು ಓಣಿಯ ಬಾಯಿಗೇ ಒಂದು ಅಂಗಡಿ ಹಾಕಿಕೊಂಡೆ. ಬ್ಲೌಸು, ಚೂಡಿದಾರ, ಮಕ್ಕಳ ಫ್ರಾಕು, ಶಾಲೆಯ ಯೂನಿಫಾರ್ಮು. ಕೆಲಸ ಎಷ್ಟಿತ್ತೆಂದರೆ, ನಾನು ಫೇಲಾದವಳು ಎಂಬುದು ನನಗೇ ಮರೆತುಹೋಗಿತ್ತು.

ನೆನಪು ಮಾಡಿಕೊಟ್ಟವಳು ನನ್ನ ಮಗಳು ನಸ್ರೀನ್. ಆಗ ಅವಳು ಪಿಯುಸಿ ಎರಡನೇ ವರ್ಷದಲ್ಲಿದ್ದಳು, ವಿಜ್ಞಾನ ತೆಗೆದುಕೊಂಡಿದ್ದಳು. ಒಂದು ಶುಕ್ರವಾರ ಮಧ್ಯಾಹ್ನ ನನ್ನ ಗಂಡನ ಅಣ್ಣ ಮಹಬೂಬಸಾಬರು ಊಟಕ್ಕೆ ಬಂದಿದ್ದರು. ನಾವು ಅವರನ್ನು ಭಾಯಿಜಾನ್ ಎನ್ನುತ್ತೇವೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು. ಹಳೆಯ ಟ್ರ್ಯಾಕ್ಟರ್ ಕೊಂಡು ಮಾರುತ್ತಾ ದೊಡ್ಡವರಾದವರು. ಓಣಿಯಲ್ಲಿ ಯಾರಿಗೆ ಕಷ್ಟ ಬಂದರೂ ಮೊದಲು ಓಡುವವರು ಅವರೇ, ಆದ್ದರಿಂದ ಅವರ ಮಾತಿಗೆ ಎದುರಾಡುವುದು ಯಾರಿಗೂ ಸುಲಭವಲ್ಲ. ನಮ್ಮ ಮನೆಯಲ್ಲಿ ದಖನಿಯನ್ನೂ ಕನ್ನಡವನ್ನೂ ಕಲಸಿ ಆಡುತ್ತೇವೆ. ನಿಮಗೆಂದು ಕನ್ನಡದ ಪಾಲನ್ನಷ್ಟೇ ಬಡಿಸುತ್ತಿದ್ದೇನೆ. ಭಾಯಿಜಾನ್ ಅನ್ನ ಕಲಸುತ್ತಾ, ಪಿಯುಸಿ ಆದರೆ ಸಾಕು, ಹುಡುಗಿಯನ್ನು ಮುಂದೆ ಓದಿಸುವುದು ದಂಡ ಎಂದರು. ಈ ಮಾತನ್ನು ಅವರು ಮೂರ್ಖತನದಿಂದ ಹೇಳಲಿಲ್ಲ. ಅವರ ಮಗ ಇಮ್ರಾನ್ ಎಂಜಿನಿಯರಿಂಗ್ ಓದಿದ್ದಾನೆ. ಆ ಕಾಗದ ಹಿಡಿದು ಎರಡು ವರ್ಷ ಅಲೆದು, ಕೊನೆಗೆ ಗಿಣಿಗೇರಾದ ಕಡೆ ಒಂದು ಕಾರ್ಖಾನೆಯ ಗೇಟಿನಲ್ಲಿ ಲಾರಿಗಳ ನಂಬರು ಬರೆದುಕೊಳ್ಳುತ್ತಾನೆ.

ಭಾಯಿಜಾನ್ ತಟ್ಟೆ ನೋಡುತ್ತಲೇ ಹೇಳಿದರು, "ನಂಬರ್ ಬರಿಯಾಕ ನಾಲ್ಕನೇ ಕ್ಲಾಸ್ ಸಾಕಾಗಿತ್ತು. ನನ್ನ ಮಗಾ ಹದಿನಾರು ವರ್ಷ ಕಲ್ತಾನ."

ಅಲ್ಲೇ ಕುಳಿತಿದ್ದ ಇಮ್ರಾನ್ ನೀರು ಕುಡಿಯುವ ನೆಪದಲ್ಲಿ ಎದ್ದು ಹೋದ. ನನಗೆ ಭಾಯಿಜಾನರ ಮಾತಿಗಿಂತ ಆ ಹುಡುಗನ ಬೆನ್ನು ನೋಡಿ ಸಿಟ್ಟು ಬಂತು. ವಿದ್ಯೆಯೆಂದರೆ ಹೊಟ್ಟೆಗಷ್ಟೇ ಅಲ್ಲ, ಬುದ್ಧಿ, ಧೈರ್ಯ, ಲೋಕಜ್ಞಾನ ಎಂದು ಶುರು ಮಾಡಿದೆ. ಕನ್ನಡದಲ್ಲಿ ಹೆಚ್ಚು ಅಂಕ ಪಡೆದವಳಲ್ಲವೇ, ನನ್ನ ಭಾಷಣ ಚೆನ್ನಾಗಿಯೇ ನಡೆದಿತ್ತು. ಅದನ್ನು ಕಡಿದವರು ಭಾಯಿಜಾನ್ ಅಲ್ಲ, ಯಾರಿಗಾಗಿ ಭಾಷಣ ಮಾಡುತ್ತಿದ್ದೆನೋ ಆ ನಸ್ರೀನ್. ತನಗೂ ಮುಂದೆ ಓದುವ ಮನಸ್ಸಿಲ್ಲ, ಮೆಹಂದಿ ಹಾಕುವ ವಿಡಿಯೊ ಮಾಡುತ್ತೇನೆ ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಅಮ್ಮಿ, ನೀನು ಎಸ್ಸೆಸ್ಸೆಲ್ಸಿ ಫೇಲ್. ಅಂಗಡಿ ನಡಸಾಕತ್ತಿ, ಊರಾಗ ಎಲ್ಲಾರೂ ಮೇಡಂ ಅಂತಾರ. ನಿನಗ ಏನ್ ಕಡಿಮಿ ಆಗೇತಿ?" ಎಂದಳು.

ಫೇಲ್ ಎಂಬ ಪದವನ್ನು ನಮ್ಮ ಮನೆಯಲ್ಲಿ ಯಾರೂ ಅಷ್ಟು ಸ್ಪಷ್ಟವಾಗಿ ಉಚ್ಚರಿಸಿರಲಿಲ್ಲ. ನನ್ನ ಗಂಡ ಕೂಡ ತಲೆ ಎತ್ತಿ ನೋಡಿದರು. ಕಡಿಮೆಯಾದದ್ದು ಬೇಕಾದಷ್ಟಿತ್ತು. ಅಂಗನವಾಡಿ ಕೆಲಸಕ್ಕೆ ಅರ್ಜಿ ಹಾಕಲು ಹೋಗಿ ಅಂಕಪಟ್ಟಿ ಕೇಳಿದಾಗ ಮರೆತು ಬಂದೆ ಎಂದು ಹೇಳಿ ಮನೆಗೆ ಬಂದದ್ದು, ಓಣಿಯ ಹೆಂಗಸರಿಗೆಲ್ಲ ಮಹಿಳಾ ಸಂಘದ ಕಾಗದ ಓದಿ ಹೇಳಿಯೂ ಸಂಘದ ಕಾರ್ಯದರ್ಶಿಯಾಗುವೆಯಾ ಎಂದಾಗ ಹಿಂದೆ ಸರಿದದ್ದು, ಇವನ್ನೆಲ್ಲ ಊಟದ ಮಧ್ಯೆ ಹೇಳುವುದು ಹೇಗೆ? ಹೇಳಲಾಗದ ಸಿಟ್ಟಿನಲ್ಲಿ, ನಾನು ಈ ವರ್ಷವೇ ಪರೀಕ್ಷೆ ಕಟ್ಟಿ ಪಾಸಾಗುತ್ತೇನೆ, ಆದರೆ ನೀನು ಡಿಗ್ರಿ ಸೇರಬೇಕು ಎಂದುಬಿಟ್ಟೆ. ನಸ್ರೀನ್ ಕೂಡಲೇ ಒಪ್ಪಿದಳು. ಅವಳು ಅಷ್ಟು ಬೇಗ ಒಪ್ಪಿದ್ದು ನನಗೆ ಅವಮಾನವೆನಿಸಿತು. ಭಾಯಿಜಾನ್ ನಗುತ್ತಾ, ಈ ಪಂದ್ಯದಲ್ಲಿ ತಾನೂ ಸಾಕ್ಷಿ ಎಂದರು.

ಮರುದಿನ ಸರ್ಕಾರಿ ಹೈಸ್ಕೂಲಿಗೆ ಹೋದೆ. ಗಣಿತವೊಂದನ್ನು ಬರೆದರೆ ಮುಗಿಯಿತು ಎಂಬುದು ನನ್ನ ಎಣಿಕೆ. ಹೆಡ್‌ಮಾಸ್ತರರು ನನ್ನ ಹಳೆಯ ಅಂಕಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, ಇದು ಬಹಳ ಹಳೆಯದಾಯಿತು, ಖಾಸಗಿಯಾಗಿ ಎಲ್ಲ ವಿಷಯಗಳನ್ನೂ ಹೊಸದಾಗಿ ಬರೆಯಬೇಕು ಎಂದರು. ಒಂದು ಗುಂಡಿ ಹಚ್ಚಿಸಿಕೊಳ್ಳಲು ಬಂದವಳಿಗೆ ಇಡೀ ಅಂಗಿ ಬಿಚ್ಚಿ ಹೊಲಿಯಬೇಕು ಎಂದಂತಾಯಿತು. ವಾಪಸು ಬರಬಹುದಿತ್ತು, ಆದರೆ ಮನೆಯಲ್ಲಿ ನಸ್ರೀನಳ ಮುಖ ನೋಡಬೇಕಲ್ಲ. ಫಾರ್ಮ್ ತುಂಬಿದೆ. ಹೆಡ್‌ಮಾಸ್ತರರು ಒಳ್ಳೆಯವರು, ವಯಸ್ಸು ಬರೆಯುವಾಗ ಬೇರೆ ಕಡೆ ನೋಡಿದರು.

ಗಣಿತ ಹೇಳಿಕೊಡಲು ಯಾರನ್ನು ಕೇಳುವುದು? ನಸ್ರೀನಳನ್ನು ಕೇಳಲು ಅಭಿಮಾನ ಬಿಡಲಿಲ್ಲ. ಇಮ್ರಾನನನ್ನು ಕೇಳಿದೆ. ಅವನು ಕೆಲಸ ಸೇರಿದಂದಿನಿಂದ ಪುಸ್ತಕ ಮುಟ್ಟಿರಲಿಲ್ಲ. ಬೇಡ ಚಾಚಿ, ನನಗೂ ಮರೆತುಹೋಗಿದೆ ಎಂದು ತಪ್ಪಿಸಿಕೊಳ್ಳಲು ನೋಡಿದ. ಮರೆತಿದ್ದರೆ ಇಬ್ಬರೂ ಕೂಡಿಯೇ ಕಲಿಯೋಣ ಎಂದೆ. ಪ್ರತಿ ವಾರದ ರಜೆಗೆ ಅಂಗಡಿಗೆ ಬರತೊಡಗಿದ. ನಾನು ಒಂದು ಕೈಯಲ್ಲಿ ಕತ್ತರಿ, ಒಂದು ಕೈಯಲ್ಲಿ ಪೆನ್ನು ಹಿಡಿದಿರುತ್ತಿದ್ದೆ. ವರ್ಗಸಮೀಕರಣದ ನಡುವೆ ಯಾರೋ ಬಂದು ತೋಳು ಬಿಗಿಯಾಗಿದೆ ಎನ್ನುತ್ತಿದ್ದರು. ಒಮ್ಮೆ ಗಿರಾಕಿಯ ಅಳತೆಪುಸ್ತಕದಲ್ಲಿ ಎದೆ, ಸೊಂಟ ಬರೆದು ಅದರ ಕೆಳಗೆ 'ಎಕ್ಸ್‌ನ ಬೆಲೆ ಕಂಡುಹಿಡಿಯಿರಿ' ಎಂದು ಬರೆದಿದ್ದೆ. ಆ ಬ್ಲೌಸು ಕೊನೆಗೂ ಸರಿಯಾಗಲಿಲ್ಲ.

ವೃತ್ತದ ಪಾಠ ಬಂದ ದಿನ ಒಂದು ಸಂಗತಿ ನಡೆಯಿತು. ನಾನು ಕೊಡೆಯಂತೆ ಅರಳುವ ಲಂಗ ಕತ್ತರಿಸುತ್ತಿದ್ದೆ. ಸೊಂಟ ಮೂವತ್ತಿಂಚಾದರೆ ಆರರಿಂದ ಭಾಗಿಸು, ಐದು ಬರುತ್ತದೆ, ಅದರಲ್ಲಿ ಕಾಲಿಂಚು ಕಳೆದು ನಡುವಿನಿಂದ ದುಂಡಗೆ ಗೆರೆ ಎಳೆ ಎಂದು ನನಗೆ ಹೊಲಿಗೆ ಕಲಿಸಿದ ಮುದುಕಿ ಹೇಳಿಕೊಟ್ಟಿದ್ದಳು. ಇಮ್ರಾನ್ ನನ್ನ ಕೈಯನ್ನೇ ನೋಡುತ್ತಿದ್ದ. ಆಮೇಲೆ ಕಾಗದ ತೆಗೆದುಕೊಂಡು ಲೆಕ್ಕ ಹಾಕಿ, ಆರರಿಂದ ಭಾಗಿಸಿ ಚೂರು ಕಳೆಯುವುದೆಂದರೆ ಏನು, ಪರಿಧಿಯಿಂದ ತ್ರಿಜ್ಯ ತೆಗೆಯುವುದೆಂದರೆ ಏನು, ಎರಡೂ ಒಂದೇ ಎಂದು ತೋರಿಸಿದ. ನನಗೆ ಸಂತೋಷವಾಗಬೇಕಿತ್ತು, ಕೆಟ್ಟ ಸಿಟ್ಟು ಬಂತು. ಇಪ್ಪತ್ತು ವರ್ಷದಿಂದ ದಿನಕ್ಕೆ ಎರಡು ಸಲ ಇದೇ ಲೆಕ್ಕ ಮಾಡುತ್ತಿರುವವಳನ್ನು ಈ ಪುಸ್ತಕ ಫೇಲ್ ಎಂದು ಮನೆಯಲ್ಲಿ ಕೂರಿಸಿತ್ತಲ್ಲ. ಇಮ್ರಾನ್ ಮಾತ್ರ ನಗುತ್ತಿದ್ದ. ಅವನು ನಗುವುದನ್ನು ನೋಡಿ ನನಗೆ ಎಷ್ಟೋ ದಿನವಾಗಿತ್ತು. "ಚಾಚಿ, ನಾಲ್ಕು ವರ್ಷ ಎಂಜಿನಿಯರಿಂಗ್ ಕಲ್ತೆ. ಇವತ್ತ ಮೊದಲನೇ ಸಲ ಅದು ಒಬ್ಬರಿಗೆ ಉಪಯೋಗ ಆತು" ಎಂದ.

ಈ ಸುದ್ದಿ ಭಾಯಿಜಾನರಿಗೆ ಮುಟ್ಟಿತು. ಅವರು ಅದನ್ನು ತಮ್ಮ ಕಡೆಯ ಸಾಕ್ಷಿ ಮಾಡಿಕೊಂಡು ಅಂಗಡಿಗೇ ಬಂದರು. "ನೋಡವಾ, ಸಾಲಿ ಕಲಿಲಾರದನ ನಿನಗ ಎಲ್ಲಾ ಗೊತ್ತಿತ್ತು. ಮತ್ತ ಸಾಲಿ ಯಾಕ ಬೇಕು?"

"ಗೊತ್ತಿತ್ತು ಭಾಯಿಜಾನ್," ಎಂದೆ. "ಆದ್ರ ನನಗ ಗೊತ್ತೈತಿ ಅನ್ನೂದು ನನಗ ಗೊತ್ತಿರಲಿಲ್ಲ. ಅದನ್ನ ಹೇಳಾಕ ನಿಮ್ಮ ಮಗಾನ ಬರಬೇಕಾತು."

ಅಂಗಡಿಯ ಮೂಲೆಯಲ್ಲಿ ಕುಳಿತು ನನ್ನ ತಪ್ಪುಗಳನ್ನು ಕೆಂಪು ಪೆನ್ನಿನಲ್ಲಿ ತಿದ್ದುತ್ತಿದ್ದ ಮಗನನ್ನು ಸ್ವಲ್ಪ ಹೊತ್ತು ನೋಡಿದರು, ಚಹಾ ಕಳಿಸುತ್ತೇನೆ ಎಂದು ಹೇಳಿ ಹೋದರು. ಚಹಾ ಬಂತು. ಜೊತೆಗೆ ಮಿರ್ಚಿ ಭಜಿಯೂ ಬಂತು.

ಪರೀಕ್ಷೆಯ ಮೊದಲ ದಿನ ಗೇಟಿನಲ್ಲಿದ್ದ ಪೊಲೀಸಪ್ಪ ನನ್ನನ್ನು ತಡೆದು, ಪಾಲಕರೆಲ್ಲ ಆ ಬೇವಿನ ಗಿಡದ ಕೆಳಗೆ ನಿಲ್ಲಬೇಕು ಎಂದು ಮರ್ಯಾದೆಯಿಂದಲೇ ಹೇಳಿದ. ಹಾಲ್ ಟಿಕೆಟ್ ತೋರಿಸಿದೆ. ಅದನ್ನು ಎರಡು ಸಲ ತಿರುಗಿಸಿ ನೋಡಿ, "ಇದು ನಿಮ್ಮ ಮಗಳದೇನ್ರಿ?" ಎಂದ. ನನ್ನದೇ ಎಂದೆ. ಅವನು ಒಮ್ಮೆ ಫೋಟೊ, ಒಮ್ಮೆ ನನ್ನ ಮುಖ ನೋಡಿ ಸರಿದು ನಿಂತ. ಬೇವಿನ ಗಿಡದ ಕೆಳಗಿದ್ದ ತಾಯಂದಿರಲ್ಲಿ ಅರ್ಧದಷ್ಟು ಮಂದಿ ನನ್ನ ಗಿರಾಕಿಗಳು. ಇಪ್ಪತ್ತೇಳು ವರ್ಷ ಮುಚ್ಚಿಟ್ಟಿದ್ದ ಗುಟ್ಟು ಅಲ್ಲಿಂದ ಪರೀಕ್ಷೆಯ ಕೊಠಡಿ ಮುಟ್ಟುವಷ್ಟರಲ್ಲಿ ಬಯಲಾಯಿತು. ಆದರೂ ತಲೆ ತಗ್ಗಿಸಲಿಲ್ಲ. ಹೇಗೂ ಎಲ್ಲರಿಗೂ ಗೊತ್ತಾಯಿತು, ಇನ್ನು ಗೊತ್ತಾಗುವುದು ಏನೂ ಉಳಿದಿಲ್ಲ ಎಂಬುದೂ ಒಂದು ಧೈರ್ಯವೇ.

ಗಣಿತದ ದಿನ ಕೊಠಡಿಗೆ ಬಂದ ಮೇಡಂ ನನ್ನ ಹಳೆಯ ಗಿರಾಕಿ. ಅವರ ಬ್ಲೌಸು ಆಗಲೇ ಮೂರು ವಾರದಿಂದ ನನ್ನ ಅಂಗಡಿಯಲ್ಲಿ ಬಿದ್ದಿತ್ತು. ಅವರು ಬೆಂಚುಗಳ ನಡುವೆ ಓಡಾಡುತ್ತಾ ನನ್ನ ಹತ್ತಿರ ಬಂದು ನಿಂತಾಗಲೆಲ್ಲ ನನಗೆ ಬರುತ್ತಿದ್ದ ಸೂತ್ರವೂ ಹಾರಿಹೋಗುತ್ತಿತ್ತು. ಪಕ್ಕದ ಬೆಂಚಿನ ಹುಡುಗಿ ಅಳುವ ಹಾಗಿದ್ದಳು. ನನಗೂ ಅಳು ಬಂದಿತ್ತು, ಆದರೆ ಅವಳಿಗಿಂತ ಮೊದಲು ಅಳುವುದು ನನ್ನ ವಯಸ್ಸಿಗೆ ಚೆನ್ನಾಗಿರುವುದಿಲ್ಲ ಎಂದು ತಡೆದುಕೊಂಡೆ. ಬಂದದ್ದನ್ನು ಬರೆದೆ, ಬಾರದ್ದನ್ನೂ ಬರೆದೆ. ಗಂಟೆ ಬಾರಿಸಿದ ಮೇಲೆ ಉತ್ತರಪತ್ರಿಕೆ ತೆಗೆದುಕೊಳ್ಳುತ್ತಾ ಮೇಡಂ ಮೆಲ್ಲಗೆ, "ಪರೀಕ್ಷಿ ಮುಗೀತಲ್ರಿ, ಇನ್ನ ನಂದು ಕೊಡ್ತೀರೇನ್ರಿ?" ಎಂದರು.

ಫಲಿತಾಂಶ ಬಂದಾಗ ಮೊಬೈಲಿನಲ್ಲಿ ನೋಡಿದವಳು ನಸ್ರೀನ್. ಅವಳು ಮೊಬೈಲನ್ನು ನನ್ನ ಕೈಗೆ ಕೊಟ್ಟಳು. ಗಣಿತದಲ್ಲಿ ಮೂವತ್ತೆಂಟು. ಮೂವತ್ತೈದಕ್ಕಿಂತ ಮೂರು ಹೆಚ್ಚು. ನನ್ನ ಗಂಡ ಮಾತಾಡದೆ ಗಿರಣಿಗೆ ಹೊರಟರು, ಓಣಿಯ ತಿರುವಿನ ತನಕ ಸಿಕ್ಕವರಿಗೆಲ್ಲ ಹೇಳಿಕೊಂಡು ಹೋದರಂತೆ. ನಸ್ರೀನಳ ಪಿಯುಸಿಯೂ ಆಗಿತ್ತು. ಪಂದ್ಯದ ಮಾತು ನಾನು ಎತ್ತಲಿಲ್ಲ. ಎರಡು ದಿನ ಬಿಟ್ಟು ಅವಳೇ, "ಬೇವಿನ ಗಿಡದ ಕೆಳಗ ಎಲ್ಲಾರೂ ನೋಡಾಕತ್ತಿದ್ರು, ನಿನಗ ನಾಚಿಕಿ ಆಗಲಿಲ್ಲೇನ ಅಮ್ಮಿ?" ಎಂದು ಕೇಳಿದಳು. ಭಾಳ ಆಯಿತು ಎಂದೆ. ಮತ್ತೆ ಹೇಗೆ ಹೋದೆ ಎಂದಳು. "ಕಾಲಿಲೆ ಹೋದೆ," ಎಂದೆ. ಅವಳು ಸುಮಾರು ಹೊತ್ತು ನನ್ನ ಪಕ್ಕದಲ್ಲಿ ಕುಳಿತು ಗುಂಡಿ ಹಚ್ಚಿದಳು. ಮರುವಾರ ಕೊಪ್ಪಳದ ಕಾಲೇಜಿಗೆ ಬಿಎಸ್ಸಿ ಅರ್ಜಿ ಹಾಕಿ ಬಂದಳು. ಈಗ ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಹೋಗುತ್ತಾಳೆ. ಮೆಹಂದಿ ವಿಡಿಯೊಗಳನ್ನೂ ಬಿಟ್ಟಿಲ್ಲ.

ಭಾಯಿಜಾನ್ ಮಿಠಾಯಿ ತಂದರು, ನನ್ನ ಅಂಕಪಟ್ಟಿಯನ್ನು ಕನ್ನಡಕ ಹಾಕಿಕೊಂಡು ನೋಡಿದರು. ಆದರೆ ಹಟ ಬಿಡುವ ಜಾತಿ ಅವರದಲ್ಲ. ಇದರಿಂದ ನೌಕರಿ ಬರುತ್ತದೆಯೇ, ಬ್ಲೌಸಿಗೆ ಹೆಚ್ಚು ಕೊಡುತ್ತಾರೆಯೇ, ಇದನ್ನು ತೆಗೆದುಕೊಂಡು ಏನು ಮಾಡುತ್ತೀ ಎಂದು ಕೇಳಿದರು. "ಏನೂ ಮಾಡಂಗಿಲ್ಲ ಭಾಯಿಜಾನ್. ಇಟ್ಕೊಂತೀನಿ. ನನ್ನದು," ಎಂದೆ. ಅವರ ಪ್ರಶ್ನೆಗೆ ಇಂದಿಗೂ ನನ್ನ ಬಳಿ ಇದಕ್ಕಿಂತ ದೊಡ್ಡ ಉತ್ತರವಿಲ್ಲ. ಓದಿದವರಿಗೆಲ್ಲ ಕೆಲಸ ಸಿಗುವುದಿಲ್ಲ ಎಂಬುದು ಇಮ್ರಾನನ ಮುಖ ನೋಡಿದರೆ ತಿಳಿಯುತ್ತದೆ. ಅದು ಕೆಲಸ ಕೊಡಬೇಕಾದವರ ತಪ್ಪು, ಓದಿದವನ ತಪ್ಪಲ್ಲ. ಮಳೆ ಬರಲಿಲ್ಲವೆಂದು ಬಿತ್ತುವುದನ್ನೇ ತಪ್ಪು ಎನ್ನುವುದಾದರೆ ಗಂಗಾವತಿಯಲ್ಲಿ ಒಂದು ಗಿರಣಿಯೂ ತಿರುಗುತ್ತಿರಲಿಲ್ಲ. ಇಷ್ಟನ್ನು ಯಾರು ಕೇಳಿದರೂ ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ.

ಕಷ್ಟ ಬೇರೆಯೇ ಇದೆ. ನನ್ನನ್ನು ಕೇಳದೆಯೇ ನಸ್ರೀನ್ ಮತ್ತು ಇಮ್ರಾನ್ ಕೂಡಿ ನನ್ನ ಹೆಸರಿನಲ್ಲಿ ಪಿಯುಸಿ ಅರ್ಜಿ ತುಂಬಿದ್ದಾರೆ. ಸಂಜೆ ನಸ್ರೀನ್ ಕೊಪ್ಪಳದ ಬಸ್ಸಿಳಿದು ನೇರ ಅಂಗಡಿಗೆ ಬಂದು, ಎಷ್ಟು ಓದಿದೆ ಎಂದು ಕೇಳುತ್ತಾಳೆ. ಮದುವೆ ಸೀಜನ್ ಎನ್ನುತ್ತೇನೆ, ಕರೆಂಟು ಇರಲಿಲ್ಲ ಎನ್ನುತ್ತೇನೆ. ನಿನ್ನೆ ಇತಿಹಾಸದ ಪುಸ್ತಕ ತೆರೆದು ಮುಂದಿಟ್ಟಳು, ಹೊಟ್ಟೆನೋವು ಎಂದೆ. "ಅಮ್ಮಿ, ಆ ಸುಳ್ಳು ನಾನು ಎರಡನೇ ಕ್ಲಾಸಿನ್ಯಾಗ ಹೇಳಿ ಮುಗಿಸೇನಿ," ಎಂದಳು. ವಿದ್ಯೆ ಬೇಕೋ ಬೇಡವೋ ಎಂದು ಯಾರಾದರೂ ಕೇಳಲಿ, ಈಗಲೂ ಎದ್ದು ನಿಂತು ಯಾರೊಡನೆ ಬೇಕಾದರೂ ವಾದಿಸುತ್ತೇನೆ. ಕುಳಿತು ಓದು ಎಂದರೆ ಮಾತ್ರ ಆಗುವುದಿಲ್ಲ ನೋಡಿ.