ಎಂಚಿನ ಎಂಬ ಪಾಸ್‌ವರ್ಡು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಆ ಕಂಪ್ಯೂಟರನ್ನು ಆರಿಸಿದ ಮಹಾಜಾಣ ನಾನೇ! ಮುಂಬಯಿಯ ಫೋರ್ಟಿನ ಒಂದು ಕಚೇರಿಗೆ ಹೊಸ ಕಂಪ್ಯೂಟರುಗಳು ಬಂದು, ಹಳೆಯದನ್ನು ಮಾರಲಿಟ್ಟಿದ್ದರು. ಗುಂಡಿ ಒತ್ತಿದೆ. ಪರದೆ ಬೆಳಗಿ ಪಾಸ್‌ವರ್ಡ್ ಕೇಳಿತು.

"ನೋಡು ಮಾಮಾ, ಎಂಥಾ ಮರ್ಯಾದಿ! ಕೇಳಿ ಒಳಗ ಬಿಡ್ತದ," ಎಂದೆ. ಮಾಮಾ ಅಲ್ಲೇ ವ್ಯವಹಾರ ಮುಗಿಸಿಬಿಟ್ಟ.

ಈ ಮಾಮಾ, ಅಂದರೆ ನನ್ನ ಸೋದರಮಾವ, ಅವನಿಗೆ ಬಹಳ ಸಿಟ್ಟು ಬರುತ್ತದೆ ಎಂದು ಜನ ಆಡಿಕೊಳ್ಳುತ್ತಾರೆ. ಶುದ್ಧ ಸುಳ್ಳು! ಬರಬೇಕಾದರೆ ಅದು ಒಮ್ಮೆಯಾದರೂ ಹೋಗಿರಬೇಕಲ್ಲ? ಧಾರವಾಡದಿಂದ ಮುಂಬಯಿಗೆ ಬರುವಾಗ ಹಾಸಿಗೆ, ಟ್ರಂಕಿನ ಜೊತೆ ಅದನ್ನೂ ಕಟ್ಟಿಕೊಂಡು ಬಂದವನು. ಮಾಟುಂಗದ ಉಡುಪಿ ಹೋಟೆಲೊಂದರ ಮಾಳಿಗೆಯಲ್ಲಿ ಅವನ ಟೈಪಿಂಗ್ ಕ್ಲಾಸು. ಕೆಳಗೆ ದೋಸೆ ಚುಂಯ್ ಎಂದರೆ ಮೇಲೆ ಮಾಮಾ ಚುಂಯ್. ಅವನು ಆಚೆ ಹೋದದ್ದೇ ತಡ, ನಾನು ಅವನ ಹಾಗೆಯೇ ಗಂಟಲು ಕೆರೆದು, "ಬೆರಳ್ ನೋಡಬ್ಯಾಡ್ರಿ, ಕಾಗದಾ ನೋಡ್ರಿ!" ಎಂದು ಹುಡುಗರನ್ನು ನಗಿಸುತ್ತಿದ್ದೆ.

ಆದರೆ ನಗಲು ಹುಡುಗರೇ ಕಡಿಮೆಯಾಗುತ್ತಿದ್ದರು. ಒಬ್ಬೊಬ್ಬರಾಗಿ ಕಂಪ್ಯೂಟರ್ ಕ್ಲಾಸುಗಳಿಗೆ ಜಾರಿದ್ದರು. ರೊಚ್ಚಿಗೆದ್ದ ಮಾಮಾ, "ಸೋಮವಾರದಿಂದ ಇಲ್ಲಿಯೂ ಕಂಪ್ಯೂಟರ್" ಎಂದು ಬೋರ್ಡು ಬರೆಸಿ ತೂಗುಹಾಕಿದ. ಅದು ನಡೆಯದಿದ್ದರೆ ಕ್ಲಾಸಿಗೆ ಬೀಗ. ಆಮೇಲೆ ಮಾಮಾ ದಿನವಿಡೀ ಬೊರಿವಲಿಯ ನಮ್ಮ ಮನೆಯಲ್ಲೇ! ಎರಡು ಕೋಣೆಯ ಮನೆಯಲ್ಲಿ ಅಷ್ಟು ಸಿಟ್ಟನ್ನು ಎಲ್ಲಿಡುವುದು?

ಕಂಪ್ಯೂಟರನ್ನು ಲೋಕಲ್ ರೈಲಿನ ಸಾಮಾನಿನ ಡಬ್ಬಿಯಲ್ಲಿ ತಂದೆವು. ಖಾಲಿ ಬುಟ್ಟಿಯ ಮೇಲೆ ಕುಳಿತ ಮೀನು ಮಾರುವ ಹೆಂಗಸು, "ಟೀವ್ಹೀ ಕಾಯ್ ರೇ ದಾದಾ?" ಎಂದಳು. "ಟೀವ್ಹೀ ನಾಹೀ, ಕಾಂಪ್ಯೂಟರ್!" ಎಂದು ಮಾಮಾ ಗುಡುಗಿದ. "ಮಗ್ ಓರಡತೋಸ್ ಕಶಾಲಾ?" ಎಂದಳು ಆಕೆ. ಅಲ್ಲವೇ ಮತ್ತೆ, ಕಿರುಚುವುದು ಯಾಕೆ? ದಾದರಿನವರೆಗೂ ಮಾಮಾ ಕಿಟಕಿಯನ್ನೇ ದುರುಗುಟ್ಟಿ ನೋಡಿದ.

ಮಾಳಿಗೆಗೆ ತಂದು ಹಚ್ಚಿದರೆ ಮತ್ತೆ ಪಾಸ್‌ವರ್ಡ್. ಮಾಮಾ ಟೈಪಿಂಗಿನ ಮೊದಲ ಪಾಠವನ್ನೇ ಎಡಗೈ, ಬಲಗೈ ಎಂದು ಕುಟ್ಟಿದ. ದೇವರ ಹೆಸರು ಕುಟ್ಟಿದ. ಕೊನೆಗೆ ಬೈಗುಳವನ್ನೂ ಕುಟ್ಟಿದ. ಮೂರು ಸಲ ತಪ್ಪಿದರೆ ಆ ದರಿದ್ರ ಯಂತ್ರ ಟುಂಯ್ ಎಂದು ಮರಗಟ್ಟಿ ನಿಲ್ಲುತ್ತಿತ್ತು. ರಿಪೇರಿಯವನನ್ನು ಕೇಳಿದರೆ ಬಿಚ್ಚಿ ನೋಡಲು ಎಂಟು ದಿನ ಬೇಕಂತೆ! ಕಚೇರಿಯವರೋ ಕೈ ತೊಳೆದುಕೊಂಡರು. ಪಾಸ್‌ವರ್ಡ್ ಗೊತ್ತಿದ್ದದ್ದು ತಮ್ಮ ಹಳೆಯ ಗುಮಾಸ್ತರೊಬ್ಬರಿಗೆ, ಅವರೀಗ ಕೆಲಸದಲ್ಲಿಲ್ಲ ಎಂದು ಹೇಳಿ, ಅವರ ನೆರೆಮನೆಯ ಫೋನ್ ನಂಬರು ಕೊಟ್ಟರು.

ಹೋಟೆಲಿನ ಗಲ್ಲೆಯ ಫೋನಿನಿಂದ ಮಾಮಾ ಅರಚಿದ: "ಪಾಸ್‌ವರ್ಡ್ ಏನ್ರೀ?"

ಫೋನಿಗೆ ಬಂದ ಗುಮಾಸ್ತರ ಉತ್ತರ: "ಎಂಚಿನ?"

ಮಾಮಾನ ಮುಖ ಅರಳಿತು. ಫೋನ್ ಕುಕ್ಕಿ ಮೆಟ್ಟಿಲು ಹತ್ತಿದ. ಎಂಚಿನ! ಇಂಗ್ಲಿಷಿನಲ್ಲಿ 'ಇ'ಯಿಂದಲೋ 'ವೈ'ಯಿಂದಲೋ ಎಂದು ನಾವಿಬ್ಬರೂ ಜಗಳವಾಡಿದೆವು. ಎಲ್ಲ ಬಗೆಯಲ್ಲೂ ಕುಟ್ಟಿದೆವು. ಟುಂಯ್, ಟುಂಯ್! ಕೊನೆಗೆ ಕೆಳಗಿಳಿದು ಹೇಳಿದರೆ, ಗಲ್ಲೆಯ ಮೇಲಿನ ಹೋಟೆಲ್ ಮಾಲೀಕರು ಹೊಟ್ಟೆ ಹಿಡಿದುಕೊಂಡು ನಕ್ಕರು: "ಎಂಚಿನ ಅಂದ್ರೆ ತುಳುವಲ್ಲಿ 'ಏನು' ಅಂತ ಮಾರಾಯ್ರೆ! ಅವರು ನಿಮ್ಮನ್ನೇ ಕೇಳಿದ್ದು!"

ಊರವರ ಮಾತನ್ನೆಲ್ಲ ಅಣಕಿಸುವ ನನಗಾದರೂ ಹೊಳೆಯಬಾರದಿತ್ತೇ? ನಾನೇ ಎಷ್ಟು ಸಲ 'ಎಂಚಿನ, ಎಂಚಿನ' ಎಂದು ಆಡಿಕೊಂಡಿಲ್ಲ! ಆದರೆ ಅಣಕಿಸಲು ಅರ್ಥವೇಕೆ?

ಸರಿ, ವಿದ್ಯೆ ಇದೆಯಲ್ಲ, ಬಳಸೋಣ ಎಂದುಕೊಂಡೆ. ಮೂಗಿನಲ್ಲಿ ಮಾತಾಡುವ ಆ ಕಚೇರಿಯ ಸೇಠನ ದನಿಯಲ್ಲಿ ಗುಮಾಸ್ತರಿಗೆ ಫೋನ್ ಮಾಡಿದೆ. "ಅರೇ ಭಾಯಿ, ಜರಾ ಪಾಸ್‌ವರ್ಡ್ ತೋ ಬೋಲ್ ದೋ."

ಆ ಕಡೆಯಿಂದ: "ಸೇಠ್ ನೇ ಮೇರೇಕೋ ಕಭೀ ಭಾಯಿ ನಹೀ ಬೋಲಾ. ತುಮ್ ಕೌನ್?" ಸೇಠ ಅವರನ್ನು ಎಂದೂ ಭಾಯಿ ಅಂದವನೇ ಅಲ್ಲವಂತೆ, ಸಿಕ್ಕಿಬಿದ್ದೆ!

ಮಾಮಾ ಫೋನ್ ಕಸಿದುಕೊಂಡು, "ನಿಮ್ಮ ಮನಿಗೇ ಬರ್ತೀನಿ, ತಡೀರಿ!" ಎಂದು ಗರ್ಜಿಸಿ, ನೆರೆಮನೆಯವರಿಂದ ವಿಳಾಸ ಕೇಳಿಕೊಂಡು ಹೊರಟೇಬಿಟ್ಟ. ಹೊಡೆದಾಟ ಬಿಡಿಸಲು ನಾನೂ ಹಿಂದೆ ಓಡಿದೆ.

ಚಾಳಿನ ಪಡಸಾಲೆಯಲ್ಲಿ ಗುಮಾಸ್ತರು ಸ್ಟೂಲಿನ ಮೇಲೆ ಕುಳಿತಿದ್ದರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಪೆನ್ನು, ಕಾಲಿಗೆ ಬೂಟು. ಹೋಗಲು ಮಾತ್ರ ಕಚೇರಿಯಿರಲಿಲ್ಲ.

"ಏನ್ರೀ ನಿಮ್ಮ ಹಟಾ!" ಮಾಮಾ ಶುರುಮಾಡಿದ. "ಸೋಮವಾರ ಅದು ತೆರೀಲಿಲ್ಲಂದ್ರ ನನ್ನ ಕ್ಲಾಸ್ ಬಂದ್! ಬೋರ್ಡ್ ಹಚ್ಚೀನಿ. ನನಗ ಆ ಮಷೀನಿನ ತಲಿ ಬಾಲಾ ಗೊತ್ತಿಲ್ಲ..." ಕೊನೆಯ ಮಾತಿಗೆ ಅವನ ದನಿ ಕುಸಿಯಿತು. ಆ ದನಿಯನ್ನು ನಾನೆಂದೂ ಕೇಳಿರಲಿಲ್ಲ, ಇಂದಿಗೂ ಅಣಕಿಸಿಲ್ಲ.

ಗುಮಾಸ್ತರು ಬೂಟು ನೋಡುತ್ತ ಹೇಳಿದರು: "ಅಲ್ಲಿ ಅದನ್ನು ಮೊದಲು ಕಲಿತದ್ದು ನಾನು. ಉಳಿದವರಿಗೆ ಕಲಿಸಿದ್ದೂ ನಾನೇ. ಎಲ್ಲರೂ ಕಲಿತರು, ಹೊಸ ಮಷೀನು ಬಂತು. ಹಳೇ ಮಷೀನೂ ನಾನೂ ಒಟ್ಟಿಗೇ ಹೊರಗೆ. ಈಗ ನನ್ನ ಹತ್ತಿರ ಉಳಿದದ್ದು ಆ ಒಂದು ಶಬ್ದ. ಅದನ್ನೂ ಹೇಳಿಬಿಟ್ರೆ ಮತ್ತೆ ನನ್ನನ್ನು ಯಾರು ಕೇಳ್ತಾರೆ ಮಾರಾಯ್ರೆ?"

ಮಾಮಾನ ಮುಖ ಕೆಂಪಾಯಿತು. ಕೈ ಎತ್ತಿದ. ನಾನು ಕಣ್ಣು ಮುಚ್ಚಿದೆ.

"ಹೇಳಬ್ಯಾಡ್ರಿ!" ಇಡೀ ಚಾಳು ಕೇಳುವಂತೆ ಅವನು ಗುಡುಗಿದ. "ನನಗೂ ಹೇಳಬ್ಯಾಡ್ರಿ, ಈ ಮಂಗ್ಯಾಗಂತೂ ಹೇಳಲೇಬ್ಯಾಡ್ರಿ! ದಿನಾ ಮುಂಜಾನೆ ನಮ್ಮ ಕ್ಲಾಸಿಗೆ ಬಂದು ಹುಡುಗರಿಗೆ ಕಲಸ್ರಿ, ಆ ಶಬ್ದಾ ನೀವಽ ಒತ್ತ್ರಿ!"