ಮಲ್ಲಿಗೆ ಸುತ್ತಿದ ಒದ್ದೆ ಬಟ್ಟೆ

ಮಾತಾಡದ ಗಂಡಸನ್ನು ಕಟ್ಟಿಕೊಂಡವಳು ಇಬ್ಬರ ಪಾಲಿನ ಮಾತನ್ನೂ ತಾನೇ ಆಡಿ ಮುಗಿಸಬೇಕಾಗುತ್ತದೆ. ನನ್ನನ್ನು ಬಾಯಿಬಡುಕಿ ಎನ್ನುವವರು ಇದನ್ನು ಸ್ವಲ್ಪ ಯೋಚನೆ ಮಾಡಬೇಕು. ನಮ್ಮನೆಯವರು ಮೂವತ್ತು ವರ್ಷ ಲಾರಿ ಓಡಿಸಿದರು. ನಾಲ್ಕು ದಿನ ಘಟ್ಟ ಹತ್ತಿ ಇಳಿದು ಮನೆಗೆ ಬಂದವರನ್ನು "ಎಂತ ಸುದ್ದಿ?" ಎಂದರೆ "ಎಂತದೂ ಇಲ್ಲ" ಎಂದು ಕಾಲು ತೊಳೆಯಲು ಹೋಗುವರು. ಲಾರಿ ತಿರುವಿನಲ್ಲಿ ಹಿಂದಕ್ಕೆ ಜಾರಿ ಒಂದು ಮರಕ್ಕೆ ಆನಿಕೊಂಡು ನಿಂತಿತ್ತು ಎಂಬುದು ಮರುದಿನ ಕ್ಲೀನರನ ಹೆಂಡತಿಯಿಂದ ಗೊತ್ತಾಗಬೇಕು. ನನ್ನನ್ನು ನೋಡಲು ಬಂದ ದಿನವೂ ಹಾಗೆಯೇ. "ಹುಡುಗಿ ಹೆಂಗೆ?" ಎಂದು ಅವರ ಅಪ್ಪ ಕೇಳಿದ್ದಕ್ಕೆ "ಆತು" ಅಂದರಂತೆ. ಆ ಒಂದು ಮಾತಿನ ಮೇಲೆ ನನ್ನ ಇಡೀ ಸಂಸಾರ ನಿಂತಿದೆ.

ಕೊಂಕಣ ರೈಲು ಬಂದು ಮೂರ್ನಾಲ್ಕು ವರ್ಷವಾಗಿದ್ದಾಗ ನಮಗೆ ಮೊದಲ ಮೊಮ್ಮಗಳು ಹುಟ್ಟಿದಳು. ಸೊಸೆಯ ತವರು ಕುಮಟಾ. ಹೆರಿಗೆ ಅಲ್ಲಿ, ತೊಟ್ಟಿಲ ಶಾಸ್ತ್ರವೂ ಅಲ್ಲೇ. ನಮ್ಮಲ್ಲಿ ಮಗುವಿನ ಕಿವಿಯಲ್ಲಿ ಮೊದಲು ಹೆಸರು ಹೇಳುವವಳು ಅಪ್ಪನ ಅಮ್ಮ. ಆ ಅಪ್ಪನ ಅಮ್ಮ ನಾನು! ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳಿಗೆ ಇದಕ್ಕಿಂತ ದೊಡ್ಡ ಹುದ್ದೆ ಇನ್ನು ಯಾರು ಕೊಡುತ್ತಾರೆ? ಹನ್ನೆರಡು ದಿನ ನನ್ನ ಕಾಲು ನೆಲಕ್ಕೆ ತಾಗಲಿಲ್ಲ. ಭಟ್ಕಳದ ಪೇಟೆಯಲ್ಲಿ ಬಸಳೆ ಮಾರುವವಳಿಂದ ಹಿಡಿದು ಗುರುತೇ ಇಲ್ಲದ ಒಬ್ಬ ಪೋಸ್ಟಿನವನವರೆಗೆ ಎಲ್ಲರಿಗೂ ಮಗುವಿನ ಮೂಗು ಹೇಗಿದೆ ಎಂದು ಹೇಳಿ ಮುಗಿಸಿದ್ದೆ. ಮೂಗನ್ನು ನಾನಿನ್ನೂ ನೋಡಿರಲಿಲ್ಲ, ಅದು ಬೇರೆ ವಿಷಯ.

ಮಗ ಹಿಂದಿನ ದಿನವೇ ಹೋಗಿದ್ದ. ಇವರು ರೈಲಿಗೆ ಹೋಗುವ ಎಂದರೆ ನಾನು ಒಪ್ಪಲಿಲ್ಲ. ಬೀಗರ ಅಂಗಳದಲ್ಲಿ ನಮ್ಮ ಕಾರು ನಿಲ್ಲಬೇಕಲ್ಲ! ಲಾರಿ ಬಿಟ್ಟ ಮೇಲೆ ಇವರು ಕೊಂಡ ಹಳೆಯ ಬಿಳಿ ಕಾರು ಅದು. ತೊಟ್ಟಿಲಿಗೆ ಕಟ್ಟಲು ಹತ್ತು ಮೊಳ ಭಟ್ಕಳ ಮಲ್ಲಿಗೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡೆ. ಮುಹೂರ್ತ ಹನ್ನೆರಡೂಕಾಲಿಗೆ. ವೈಶಾಖದ ಬಿಸಿಲು. ಹನ್ನೊಂದಕ್ಕೆ ಹೊನ್ನಾವರ ತಲುಪಿ ಬಂಕಿನಲ್ಲಿ ಸಾಲು ಕಾದು ಪೆಟ್ರೋಲು ಹಾಕಿಸಿದೆವು. ಇವರು ಕೀಲಿ ತಿರುಗಿಸಿದರು. ಕುರ್ ಕುರ್ ಎಂದಿತು, ಅಷ್ಟೇ. ಮತ್ತೊಮ್ಮೆ ಕುರ್ ಕುರ್. ಇವರು ಇಳಿದು ಬಾನೆಟ್ ಎತ್ತಿ, ಒಳಗೆಲ್ಲೋ ಬೆರಳು ತಾಗಿಸಿ ಥಟ್ಟನೆ ತೆಗೆದು, "ಬಿಸಿ" ಎಂದರು. ಆಮೇಲೆ ಬಾದಾಮಿ ಮರದ ನೆರಳಿಗೆ ಹೋಗಿ ಕುಳಿತರು.

"ವೈಶಾಖದಾಗೆ ಬಿಸಿ ಅಲ್ಲದ್ದು ಎಂತ ಇದೆ?" ಎಂದೆ. ಇವರು ಹೆಗಲ ಟವೆಲಿನಿಂದ ಬೆವರು ಒರೆಸಿಕೊಂಡರು. ಸರಿ, ಇನ್ನು ನನ್ನ ಸರದಿ. ನೇರ ಪೆಟ್ರೋಲು ಹಾಕಿದವನ ಮೇಲೆ ಹೋದೆ.

"ಎಂತ ಹಾಕಿದೆ ನೀನು? ನೀರು ಹಾಕಿದ್ಯಾ? ಇಲ್ಲಿತನಕ ಓಡಿ ಬಂದ ಗಾಡಿ ನಿನ್ನ ಪೈಪು ಬಾಯಿಗಿಟ್ಟ ಮೇಲೆ ನಿಂತದ್ದು!"

ನಡುವಯಸ್ಸಿನ ಸಾಧು ಮನುಷ್ಯ. "ಅಮ್ಮಾ, ನಿಮ್ಮ ಹಿಂದೆ ಹಾಕಿಸಿದ ನಾಲ್ಕು ಗಾಡಿ ಹೋಯ್ತಲ್ಲ?" ಎಂದ.

"ಅವರಿಗೆ ಪೆಟ್ರೋಲು, ನಮಗೆ ನೀರು!"

ಜನ ಸೇರಿದರು. ಆಟೋದವನೊಬ್ಬ ಬ್ಯಾಟರಿ ಎಂದ. ಮೀನಿನ ಟೆಂಪೋದವ ಪ್ಲಗ್ಗು ಎಂದ. ನೂಕಿದರೆ ಆತು ಎಂದು ಇನ್ಯಾರೋ ಹೇಳಿದ್ದೇ ತಡ, ಆಟೋದವನನ್ನು ಸ್ಟೇರಿಂಗಿಗೆ ಕೂರಿಸಿ ನಾನು ಸೆರಗು ಕಟ್ಟಿ ಮುಂದಾಳಾದೆ. ಬಂಕಿನ ಮಾಡಿನ ನೆರಳಲ್ಲಿದ್ದ ಕಾರನ್ನು ಹೆದ್ದಾರಿಯ ಬಾಯಿಯವರೆಗೆ ನೂಕಿ ಸುಡು ಬಿಸಿಲಲ್ಲಿ ನಿಲ್ಲಿಸಿದೆವು. ಕುರ್ ಎಂದೂ ಅನ್ನಲಿಲ್ಲ.

"ಅಜ್ಜ ಎಂತ ಹೇಳ್ತ್ರು?" ಎಂದು ಟೆಂಪೋದವ ಏದುಸಿರಿನಲ್ಲಿ ಕೇಳಿದ.

"ಅವರು ಹೇಳೂದಿಲ್ಲ ಮಾರಾಯ."

ಬಂಕಿನ ಫೋನಿನಿಂದ ಕುಮಟೆಗೆ ಕರೆ ಮಾಡಿದೆ. ಬೀಗಿತ್ತಿಯ ದನಿಯಲ್ಲಿ ಬೆಲ್ಲದ ಪಾಕ. "ಅಕ್ಕಾ, ಮುಹೂರ್ತ ಮೀರೂದು ಬೇಡ. ತಡ ಆದ್ರೆ ಹೆಸರು ನಾನೇ ಹೇಳ್ತೆ ಬಿಡಿ."

"ಬಾಯಿ ತೆರೆದ್ರೆ ನೋಡಿ!" ಎಂದು ನಾನು ಕೂಗಿದ್ದು ಫೋನಿಲ್ಲದೆಯೂ ಕುಮಟೆಗೆ ಕೇಳಿಸಿರಬೇಕು.

ಇವರಿಗಂತೂ ಕೇಳಿಸಿತು. ಎದ್ದು ಬಂದು ಮಲ್ಲಿಗೆಯ ಗಂಟಿನ ಕಡೆ ಕೈ ಚಾಚಿ "ಬಟ್ಟೆ" ಎಂದರು.

"ಎಂತ ಬಟ್ಟೆ? ಇದಾ? ಹೂವು ಬಾಡ್ತದೆ!"

"ಹೂವೋ, ಹೆಸರೋ?"

ಕೊಟ್ಟೆ. ಅದನ್ನು ನಲ್ಲಿಯಲ್ಲಿ ಮತ್ತೆ ತೋಯಿಸಿ, ಎಂಜಿನ್ನಿನ ಪಕ್ಕದಲ್ಲಿದ್ದ, ಮುಷ್ಟಿಯಷ್ಟು ದೊಡ್ಡ ಸಾಮಾನೊಂದಕ್ಕೆ ಸುತ್ತಿದರು. ಪೆಟ್ರೋಲನ್ನು ಎಂಜಿನ್ನಿಗೆ ದಬ್ಬುವುದು ಅದೇ ಅಂತೆ. ಚುಂಯ್ ಎಂದಿತು. ಜ್ವರದ ಮಗುವಿನ ಹಣೆಗೆ ಪಟ್ಟಿ ಹಾಕಿದ ಹಾಗೆ, ಒಣಗಿದಂತೆಲ್ಲ ತೋಯಿಸಿ ತೋಯಿಸಿ ಇಟ್ಟರು. ಹತ್ತು ನಿಮಿಷ ನಾನು ಮಾತಾಡಲಿಲ್ಲ ಎಂದರೆ ನೋಡಿದವರೇ ನಂಬಬೇಕು. ಕೀಲಿ ತಿರುಗಿಸಿದರು. ಒಂದೇ ಏಟಿಗೆ ಕಾರು ಗುಡುಗಿತು! ಟೆಂಪೋದವ ಸೀಟಿ ಹೊಡೆದ.

ದಾರಿಯಲ್ಲಿ ಇವರೇ ಬಾಯಿಬಿಟ್ಟರು. "ಪೆಟ್ರೋಲು ಕಾದು ಹಬೆ ಆಗಿತ್ತು. ಓಡುವಾಗ ಗಾಳಿ ಇರ್ತದೆ. ನಿಂತ್ರೆ ಕಾಯ್ತದೆ. ತಣಿಯಲಿ ಅಂತ ಕೂತಿದ್ದೆ. ನೀವು ಬಿಸಿಲಿಗೆ ನೂಕಿದ್ರಿ."

"ಮೊದಲೇ ಹೇಳ್ಬಾರ್ದಾ?" ಎಂದೆ, ಒಡೆದ ದನಿಯಲ್ಲಿ.

"ಬಿಸಿ ಅಂದೆನಲ್ಲ."

ಹೌದಲ್ಲ! ಹತ್ತು ಜನ ಸೇರಿ ಅರ್ಧ ಗಂಟೆ ಹುಡುಕಿದ್ದನ್ನು ಇವರು ಮೊದಲ ನಿಮಿಷದಲ್ಲೇ ಒಂದು ಮಾತಿನಲ್ಲಿ ಮುಗಿಸಿದ್ದರು. ಮೂವತ್ತು ವರ್ಷ ಘಟ್ಟದಲ್ಲಿ ಒಬ್ಬರೇ ಎಂಜಿನ್ನಿಗೆ ಕಿವಿಕೊಟ್ಟು ಬದುಕಿದ ಮನುಷ್ಯ. ಇಷ್ಟು ವರ್ಷದಲ್ಲಿ ಇವರು ಆಡಿದ ಇನ್ನೆಷ್ಟು ಒಂಟಿ ಮಾತುಗಳನ್ನು ನಾನು ಹೀಗೆ ಕಸಕ್ಕೆ ಗುಡಿಸಿದ್ದೇನೋ! ಸ್ಟೇರಿಂಗ್ ಹಿಡಿದ ಆ ಕಪ್ಪು ಕೈಗಳನ್ನೇ ಕುಮಟೆಯವರೆಗೆ ನೋಡುತ್ತ ಹೋದೆ.

ತಲುಪಿದಾಗ ಮುಹೂರ್ತಕ್ಕೆ ಐದು ನಿಮಿಷ ಇತ್ತು. ಮಗುವನ್ನು ಮಡಿಲಿಗೆ ಕೊಟ್ಟರು. ಮೂಗು ನಾನು ಹೇಳಿದ ಹಾಗೆಯೇ ಇತ್ತು! ಕಿವಿಗೆ ಬಾಯಿಟ್ಟು ಹೆಸರು ಹೇಳಿದೆ. ಬರೀ ಗಾಳಿ ಬಂತು. ಬಂಕಿನಲ್ಲಿ ಕೂಗಿ ಕೂಗಿ ನನ್ನ ಗಂಟಲು ಪೂರ್ತಿ ಹೋಗಿತ್ತು. ಮಗುವಿಗೆ ಮಾತ್ರ ಕೇಳಿಸಿರಬೇಕು, ಕಣ್ಣು ಬಿಟ್ಟಿತು. "ಎಂತ ಹೆಸರು? ಎಂತ ಹೆಸರು?" ಎಂದು ಹೆಂಗಸರೆಲ್ಲ ಮುಗಿಬಿದ್ದರು. ನಾನು ಬಾಯಿ ತೆರೆದೆ, ಮುಚ್ಚಿದೆ. ಬೀಗಿತ್ತಿ ಮುಂದೆ ಬಂದಳು.

ಆಗ ಬಾಗಿಲ ಹತ್ತಿರದಿಂದ ಇವರ ದನಿ ಬಂತು. "ಮೇಘನಾ. ಇವಳು ಹನ್ನೆರಡು ದಿನ ಯೋಚನೆ ಮಾಡಿ ಇಟ್ಟ ಹೆಸರು. ಚೆಂದ ಅದೆ."

ಅಷ್ಟು ಜನರ ಎದುರು ಇವರು ಇಷ್ಟುದ್ದ ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನನ್ನ ಕಣ್ಣು ತುಂಬಿತು. ಮೊಮ್ಮಗಳನ್ನು ನೋಡಿ ಎಂದುಕೊಂಡರು ಎಲ್ಲರೂ. ಅರ್ಧ ಬಾಡಿದ ಮಲ್ಲಿಗೆ ತೊಟ್ಟಿಲಲ್ಲಿ ತೂಗಿತು.

ಸಂಜೆ ಮರಳುವಾಗ ಬಂಕಿನಲ್ಲಿ ನಿಲ್ಲಿಸಿದೆವು. ಆ ಸಾಧು ಮನುಷ್ಯನ ಕೈಗೆ ಲಾಡು ಕೊಟ್ಟು, ತಪ್ಪಾಯಿತು ಎನ್ನಲು ಹೋದೆ. ಗಾಳಿ. ಕೈ ಮುಗಿದೆ. ಅವನು ಕಂಗಾಲಾಗಿ ಇವರ ಕಡೆ ತಿರುಗಿದ. "ಅಜ್ಜಾ, ಅಮ್ಮನಿಗೆ ಎಂತ ಆತು?"

ಇವರು ಕೀಲಿ ತಿರುಗಿಸುತ್ತ ಹೇಳಿದರು, "ತಣಿದದೆ."

ನನ್ನ ದನಿ ಮರಳಿದ್ದು ನಾಲ್ಕನೇ ದಿನ. ಆ ಒಂದು ಮಾತಿಗೆ ಅಂದು ಶುರು ಮಾಡಿದ ಉತ್ತರ ಇನ್ನೂ ಮುಗಿದಿಲ್ಲ.