ಹುಳವಿಲ್ಲದ ಹೊಲದ ಮಾಲೀಕ

ಎಂಬತ್ತರ ದಶಕದ ಕೊನೆಯ ಮಾತು. ಬೇಡಕಿಹಾಳದ ನಮ್ಮ ಎರಡು ಎಕರೆ ಶೇಂಗಾ ಬೆಳೆಗೆ ಕಂಬಳಿಹುಳ ಬಿದ್ದಿತ್ತು. ಅದೇ ವಾರ, ಔಷಧಿ ಹೊಡೆಯುವ ಪಂಪಿಗೆ ಸರ್ಕಾರ ಅರ್ಧ ಸಬ್ಸಿಡಿ ಕೊಡುತ್ತದೆಂಬ ಸುದ್ದಿ ಬಂತು. ನಾನೋ ಮೆಟ್ರಿಕ್ ಪಾಸಾದವನು. ಅರ್ಜಿಯನ್ನು ಓದುವ ಗೋಜಿಗೇ ಹೋಗದೆ, ಒಂದೇ ಉಸಿರಿನಲ್ಲಿ ತುಂಬಿಕೊಟ್ಟೆ!

“ಅದರಾಗ ಏನ ಬರದೈತಿ, ಒಂದ್ಸಲ ಓದ್ರಿ,” ಎಂದಳು ಹೆಂಡತಿ ಕಸ್ತೂರಿ.

“ಸಬ್ಸಿಡಿ ಅಂದ್ರ ಸಬ್ಸಿಡಿ. ಅದರಾಗ ಓದೂದೇನೈತಿ?”

ಬೆಳೆ ಪರಿಶೀಲನೆಗೆ ಕೃಷಿ ಇಲಾಖೆಯ ಸಾಹೇಬರು ಬರುತ್ತಾರೆಂದು ಹೇಳಿಕಳಿಸಿದಾಗ ಮಾತ್ರ ದಿಗಿಲಾಯಿತು. ಪರಿಶೀಲನೆ ಎಂದರೆ ಪರೀಕ್ಷೆ ತಾನೆ? ಬೆಳೆ ಚೆನ್ನಾಗಿದ್ದವರೇ ಪಾಸು ಎಂದು ನಾನೇ ತೀರ್ಮಾನಿಸಿದೆ. ನನ್ನ ಹೊಲದಲ್ಲಿ ಎಲೆಗಿಂತ ಹುಳವೇ ಹೆಚ್ಚು. ಬದುವಿನಾಚೆಯ ಹೊಲದ ಅಪ್ಪಾಸಾಬ ಮೊದಲೇ ಔಷಧಿ ಹೊಡೆದಿದ್ದ. ಅವನ ಶೇಂಗಾ ಹಸಿರು ಜಮಖಾನೆ ಹಾಸಿದಂತಿತ್ತು. ಸಾಹೇಬರು ಬಂದ ದಿನ ಅವನು ನಿಪ್ಪಾಣಿಗೆ ಹೋಗಿದ್ದ.

ಸಾಹೇಬರನ್ನು ಮೋಟಾರ್ ಸೈಕಲ್ಲಿನಿಂದ ಇಳಿಸಿಕೊಂಡವನೇ ಸೀದಾ ಅಪ್ಪಾಸಾಬನ ಹೊಲಕ್ಕೆ ಕರೆದೊಯ್ದೆ.

“ಇದ ನನ್ನ ಹೊಲಾ ರಿ, ಸಾಹೇಬ್ರ!”

ಅವರು ಎಲೆ ಮಗುಚಿ ನೋಡಿದರು. “ಭಾರಿ ಐತಲ್ರಿ! ಹುಳಾ ಬಿದ್ದಿಲ್ಲೇನು?”

“ನನ್ನ ಹೊಲಕ್ಕ ಹುಳಾ? ಬದು ದಾಟಾಕ ಹೆದರತಾವ್ರಿ!”

“ಆ ಬಾಜೂ ಹೊಲಾ ಯಾರದ್ರಿ? ಪೂರಾ ತಿಂದ ಹಾಕ್ಯಾವಲ್ಲ!”

“ಅದು ಒಬ್ಬ ಮೈಗಳ್ಳಂದ್ರಿ. ಎಷ್ಟ ಹೇಳಿದ್ರೂ ಕೇಳೂದಿಲ್ಲ,” ಎಂದು ವಿಷಾದದಿಂದ ತಲೆಯಾಡಿಸಿದೆ.

ಸಾಹೇಬರು ಪೆನ್ನು ತೆಗೆದು, ಗಟ್ಟಿಯಾಗಿ ಓದುತ್ತಲೇ ಬರೆದರು: “ಹುಳದ ಬಾಧೆ ಇಲ್ಲ. ಸಬ್ಸಿಡಿ ಅಗತ್ಯವಿಲ್ಲ.”

“ಯಾಕ್ರಿ ಸಾಹೇಬ್ರ?”

“ಇದು ಹುಳಾ ಬಿದ್ದವರಿಗೆ ಕೊಡೂ ಪಂಪ್ರಿ. ಅರ್ಜಿದಾಗ ಮ್ಯಾಲ ಬರದೈತಲ್ಲ!”

“ಹುಡುಕಿದ್ರ ಒಂದೆರಡ ಸಿಗತಾವ ತಡೀರಿ!”

ಮೊಣಕಾಲೂರಿ ಸಾಲುಸಾಲು ತಡಕಾಡಿದೆ. ಒಂದೂ ಸಿಗಲಿಲ್ಲ. ಅಪ್ಪಾಸಾಬನ ಮೇಲೆ ನನಗೆ ಅಂಥ ಸಿಟ್ಟು ಹಿಂದೆಂದೂ ಬಂದಿರಲಿಲ್ಲ!

ಅಷ್ಟರಲ್ಲಿ ನಮ್ಮ ಹೊಲದಿಂದ ಕಸ್ತೂರಿ ಬಕೆಟ್ಟು ಹಿಡಿದು ಬದು ದಾಟಿ ಬಂದಳು.

“ಮಂದಿ ಹೊಲದಾಗ ಏನ ಹುಡಕಾಕತ್ತೀರಿ? ಮುಂಜಾನಿಂದ ನಮ್ಮ ಹೊಲದಾಗ ಹುಳಾ ಆರಿಸಿ ಆರಿಸಿ ನನ್ನ ನಡಾ ಹೋತು. ನೋಡ್ರಿ ಸಾಹೇಬ್ರ!”

ಬಕೆಟ್ಟಿನ ತುಂಬ ಕಂಬಳಿಹುಳ ಮಿಜಿಮಿಜಿ ಎನ್ನುತ್ತಿದ್ದವು. ಸಾಹೇಬರು ಬಕೆಟ್ಟು ನೋಡಿದರು. ಬದುವಿನಾಚೆ ನೋಡಿದರು. ಕೊನೆಗೆ ನನ್ನನ್ನು ನೋಡಿದರು.

“ಹಂಗಾರ ಆ ಮೈಗಳ್ಳ?”

“ನಾನ ರಿ.”

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಮ್ಮ ಹೊಲವನ್ನೂ ಒಂದು ಸುತ್ತು ಹಾಕಿ, ಬರೆದದ್ದನ್ನು ಹೊಡೆದುಹಾಕಿದರು. ಕಸ್ತೂರಿಯ ಬಕೆಟ್ಟಿನ ಪುಣ್ಯದಿಂದ ಪಂಪು ಮಂಜೂರಾಯಿತು.

ಪಂಪು ಬಂದ ದಿನ ಅದನ್ನು ಬೆನ್ನಿಗೇರಿಸಿ ಗತ್ತಿನಿಂದ ಹಿಡಿಕೆ ಒತ್ತಿದೆ. ಮುಂದಕ್ಕೆ ಹಾರಬೇಕಾದದ್ದು ಹಿಂದಕ್ಕೆ ಹಾರಿ ನನ್ನ ಧೋತರ ತೊಯ್ಯಿಸಿತು. ಪುಣ್ಯಕ್ಕೆ ಒಳಗೆ ಹಾಕಿದ್ದು ಬರೀ ನೀರು!

“ಕೊಡ್ರಿ ಇಲ್ಲಿ,” ಎಂದು ಕಸ್ತೂರಿ ಪಂಪು ಇಳಿಸಿಕೊಂಡು, ಮುಚ್ಚಳ ಬಿಗಿಮಾಡಿ ತನ್ನ ಬೆನ್ನಿಗೇರಿಸಿದಳು. “ನೀವು ನೀರ ತರ್ರಿ.”

ಸರ್ಕಾರದ ಕಾಗದದಲ್ಲಿ ನನ್ನ ಹೆಸರಿನ ಮುಂದೆ ‘ಫಲಾನುಭವಿ’ ಎಂದು ಬರೆದಿತ್ತು. ಸದರಿ ಫಲಾನುಭವಿ ಸಂಜೆಯವರೆಗೆ ಬಾವಿಯಿಂದ ಹೊಲಕ್ಕೆ ಕೊಡ ಹೊತ್ತ!